ಜಾರಿ ಬಿದ್ದವನಾ, ಮಾವ?

ಭಾನುವಾರ ಅಟ್ಟದ ಮೇಲಿಂದ ಹಳೆ ಟ್ರಂಕ್ ಇಳಿಸಿದೆ. ಅಕ್ಕ, ಭಾವ, ಅವರ ಮಗ ಊಟಕ್ಕೆ ಬಂದಿದ್ದರು. ಅಕ್ಕನಿಗೆ ಅಮ್ಮನ ಕಾಲದ ಯಾವುದೋ ಫೋಟೊ ಬೇಕಿತ್ತು. ಫೋಟೊ ಸಿಗಲಿಲ್ಲ. ಹಳೆ ಮಾರ್ಕ್ಸ್ ಕಾರ್ಡುಗಳ ಅಡಿಯಲ್ಲಿ ನನ್ನ ಕೆಂಪು ಜರ್ಸಿ ಸಿಕ್ಕಿತು, ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡದ್ದು. 2005ರಲ್ಲಿ ಬೆಂಗಳೂರಿನ ಫುಟ್‌ಪಾತ್‌ನಲ್ಲಿ ಚೌಕಾಸಿ ಮಾಡಿ 150 ರೂಪಾಯಿಗೆ ತಗೊಂಡಿದ್ದು. ಬೆನ್ನ ಮೇಲೆ ಎಂಟರ ಅಂಕಿ, ಅದರ ಮೇಲೆ ಹೆಸರು. ಅಕ್ಷರಗಳು ಅಲ್ಲಲ್ಲಿ ಎದ್ದು ಬಂದಿವೆ, ಆದರೂ ಓದಬಹುದು.

ಅಕ್ಕನ ಮಗ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಒಂಬತ್ತನೇ ಕ್ಲಾಸು. ಮೆಸ್ಸಿ ಅಂದ್ರೆ ಪ್ರಾಣ. ಆವತ್ತೂ ಅರ್ಜೆಂಟೀನಾದ ನೀಲಿ ಬಿಳಿ ಪಟ್ಟೆಯ ಅಂಗಿಯಲ್ಲೇ ಬಂದಿದ್ದ. ಹೆಸರು ಓದಿದ. ಮುಖ ಅರಳಿತು.

"ಜೆರಾರ್ಡ್! ಅದೇ ಜಾರಿ ಬಿದ್ದವನಾ, ಮಾವ?"

ಹಂಗಿಸಬೇಕು ಅಂತ ಹೇಳಿದ ಮಾತಲ್ಲ ಅದು. ಗುರುತು ಸಿಕ್ಕಿದ ಖುಷಿಯಲ್ಲಿ ಕೇಳಿದ, ಅಷ್ಟೆ. ಆದರೆ ನನಗೆ ಮುಳ್ಳು ಚುಚ್ಚಿದ ಹಾಗಾಯಿತು. "ಅಲ್ಲ ಕಣೋ" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಅಡುಗೆಮನೆಯಿಂದ ಅಕ್ಕ ಇಣುಕಿ ನೋಡಿದಳು. ಹುಡುಗ ಜರ್ಸಿಯನ್ನು ಮಡಚಿ ಟ್ರಂಕಿನಲ್ಲಿ ಇಟ್ಟುಬಿಟ್ಟ.

ಅವನ ತಪ್ಪೇನಿದೆ? 2014ರಲ್ಲಿ ಲಿವರ್‌ಪೂಲ್ ಕ್ಯಾಪ್ಟನ್ ಜೆರಾರ್ಡ್ ಜಾರಿದ ಆ ಪಂದ್ಯ ನಡೆದಾಗ ಅವನಿಗೆ ಮೂರು ವರ್ಷವೂ ತುಂಬಿರಲಿಲ್ಲ. ಅವನಿಗೆ ಗೊತ್ತಿರುವುದು ಫೋನಿನಲ್ಲಿ ಬರುವ ಹತ್ತು ಸೆಕೆಂಡಿನ ವಿಡಿಯೋ. ಕೆಂಪು ಬಟ್ಟೆಯವನು ಜಾರುತ್ತಾನೆ, ನೀಲಿ ಬಟ್ಟೆಯವನು ಚೆಂಡು ತಗೊಂಡು ಓಡುತ್ತಾನೆ, ಹಿಂದೆ ನಗುವ ಸದ್ದು. ಹತ್ತು ವರ್ಷ ಕಳೆದರೂ ಅದನ್ನು ಕತ್ತರಿಸಿ, ಹಾಡು ಸೇರಿಸಿ ಹಾಕುತ್ತಲೇ ಇದ್ದಾರೆ. ಹಾಗೆ ಹಾಕುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಬೀಳುವವನನ್ನು ನೋಡಿ ನಗುವುದನ್ನು ಮಕ್ಕಳಿಗೆ ಕಲಿಸಬೇಕಾಗಿಲ್ಲ. ಅದು ತಾನಾಗೇ ಬರುತ್ತದೆ.

ಊಟ ಆದಮೇಲೆ ಲ್ಯಾಪ್‌ಟಾಪ್ ತೆಗೆದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಇಂಗ್ಲೆಂಡಿನ ಎಫ್‌ಎ ಕಪ್ಪಿನ 2006ರ ಫೈನಲ್ ಹಾಕಿದೆ. ಮೇ 13, ಕಾರ್ಡಿಫ್. ಎದುರಿಗೆ ವೆಸ್ಟ್ ಹ್ಯಾಮ್. ಆವತ್ತು ಲಿವರ್‌ಪೂಲ್‌ನ ಸಿಸ್ಸೆ ಹೊಡೆದ ಗೋಲಿಗೆ ಪಾಸ್ ಕೊಟ್ಟಿದ್ದು ಜೆರಾರ್ಡ್. ಎರಡನೇ ಗೋಲು ಅವನದೇ. ಆದರೂ 90 ನಿಮಿಷ ಮುಗಿಯುವಾಗ ಲಿವರ್‌ಪೂಲ್ 3–2ರಿಂದ ಹಿಂದಿತ್ತು. ಆಟಗಾರರಿಗೆಲ್ಲ ಮೀನಖಂಡ ಹಿಡಿದುಕೊಂಡಿತ್ತು. ಸಿಸ್ಸೆ ಬಿದ್ದುಕೊಂಡಿದ್ದ ಅಂತ ವೆಸ್ಟ್ ಹ್ಯಾಮ್‌ನ ಒಬ್ಬ ಆಟಗಾರ ಚೆಂಡನ್ನು ತಾನೇ ಹೊರಗೆ ಹೊಡೆದ. ಲಿವರ್‌ಪೂಲ್‌ನವರು ಮರ್ಯಾದೆಯಿಂದ ಚೆಂಡನ್ನು ವಾಪಸ್ ಕೊಟ್ಟರು. ಅವನು ಅದನ್ನು ದೂರ ಹೊಡೆಯಲು ಹೋದ. ಚೆಂಡು ಮತ್ತೆ ಕೆಂಪು ಅಂಗಿಗಳ ಕಡೆಗೇ ಬಂತು. ಜೆರಾರ್ಡ್ ಅದನ್ನು ಒಳಗೆ ಎತ್ತಿ ಹಾಕಿದ. ಅದು ತಿರುಗಿ ಹೊರಗೆ ಬಂದು ಪುಟಿಯುತ್ತಾ ಅವನ ಮುಂದೆಯೇ ಬಿತ್ತು. ಸುಮಾರು 35 ಗಜ ದೂರ. ಅಲ್ಲಿಂದಲೇ ಬಾರಿಸಿದ. ಚೆಂಡು ನೆಲ ಮುಟ್ಟದೆ ಗೋಲಿನ ಮೂಲೆಗೆ ಹೋಯಿತು. ಕೊನೆಗೆ ಪೆನಾಲ್ಟಿಯಲ್ಲಿ ಕಪ್ ಬಂತು.

"ಚೆಂಡು ಹೊರಗೆ ಹೊಡೆದವನು ಯಾರು ಗೊತ್ತಾ?" ಅಂತ ಕೇಳಿದೆ. "ಲಿಯೊನೆಲ್ ಸ್ಕಲೋನಿ. ನಿನ್ನ ಮೆಸ್ಸಿಗೆ 2022ರಲ್ಲಿ ವರ್ಲ್ಡ್ ಕಪ್ ಗೆಲ್ಲಿಸಿದ ಕೋಚ್."

"ಸುಮ್ನಿರು ಮಾವ!" ಅಂದ. ಮೂರು ಸಲ ಹಿಂದಕ್ಕೆ ಎಳೆದು ನೋಡಿದ. ಆದರೆ ನೋಡಿದ್ದು ಸ್ಕಲೋನಿಯನ್ನು. ಜೆರಾರ್ಡ್‌ನನ್ನಲ್ಲ. ಆಮೇಲೆ ಅಕ್ಕ ಕರೆದಳು, ಹೊರಟುಹೋದರು.

ರಾತ್ರಿ ನಿದ್ದೆ ಬರಲಿಲ್ಲ. ಅದೇ ಮಾತು. ಜಾರಿ ಬಿದ್ದವನಾ, ಮಾವ? ನಾನು ಅಲ್ಲ ಅಂದೆನಲ್ಲ, ಯಾಕೆ ಅಲ್ಲ ಅಂದೆ?

ನನಗೆ ಜೆರಾರ್ಡ್ ಅಂದರೆ ಮೊದಲು ದಾವಣಗೆರೆಯ ಹಾಸ್ಟೆಲ್ಲಿನ ಟಿವಿ ರೂಮು. 2005ರ ಮೇ 25. ಇಸ್ತಾಂಬುಲ್‌ನಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್. ಲಿವರ್‌ಪೂಲ್ ಎದುರಿಗೆ ಇಟಲಿಯ ಮಿಲಾನ್. ನಮಗೆ ಆಗಲೇ ನಡುರಾತ್ರಿ ದಾಟಿತ್ತು. ಹನ್ನೆರಡು ಹದಿಮೂರು ಜನ ನೆಲದ ಮೇಲೆ ಕೂತಿದ್ದೆವು. ಮೊದಲ ನಿಮಿಷದಲ್ಲೇ ಮಾಲ್ದೀನಿ ಹೊಡೆದ. ಆಮೇಲೆ ಕ್ರೆಸ್ಪೊ ಎರಡು. ಅರ್ಧ ಆಟಕ್ಕೆ ಮಿಲಾನ್ 3–0. ಒಬ್ಬೊಬ್ಬರಾಗಿ ಚಾಪೆ ಸುತ್ತಿಕೊಂಡು ಎದ್ದು ಹೋದರು. ಉಳಿದದ್ದು ನಾನು, ನನ್ನ ರೂಮ್‌ಮೇಟ್. ಅವನು ಮ್ಯಾಂಚೆಸ್ಟರ್ ಯುನೈಟೆಡ್ ಕಡೆಯವನು. ಎದ್ದು ಹೋಗಿ ಮಲಗಬಹುದಿತ್ತು. "ಒಬ್ಬನೇ ಕೂತು ಸೋಲ್ಬೇಡ" ಅಂತ ಕೂತ. ಅಂಥ ಮನುಷ್ಯರು ಜಾಸ್ತಿ ಸಿಗುವುದಿಲ್ಲ.

54ನೇ ನಿಮಿಷ. ಲಿವರ್‌ಪೂಲ್‌ನ ರೀಸೆ ಎಡಗಡೆಯಿಂದ ಎತ್ತಿ ಹಾಕಿದ. ಜೆರಾರ್ಡ್ ತಲೆ ಕೊಟ್ಟ. ಗೋಲು. ನನಗೆ ಗೋಲಿಗಿಂತ ಅದರ ನಂತರದ್ದು ಚೆನ್ನಾಗಿ ನೆನಪಿದೆ. ಅವನು ಸಂಭ್ರಮ ಪಡಲಿಲ್ಲ. ವಾಪಸ್ ಓಡುತ್ತಾ ಎರಡೂ ಕೈಯನ್ನು ಕೆಳಗಿಂದ ಮೇಲಕ್ಕೆ ಎತ್ತಿದ. ಎದ್ದೇಳಿ, ಎದ್ದೇಳಿ ಅಂತ. ಆಡುವವರಿಗೂ, ನೋಡುವವರಿಗೂ. ಊರಿನಲ್ಲಿ ತೇರು ಕೆಸರಿನಲ್ಲಿ ಹೂತಾಗ ಹಗ್ಗ ಹಿಡಿದ ಹಿರಿಯರು ಹೀಗೇ ಕೈ ಎತ್ತುತ್ತಾರೆ. ಆರು ನಿಮಿಷದಲ್ಲಿ 3–3 ಆಯಿತು. ಮೂರನೆಯದಕ್ಕೆ ಕಾರಣವಾದ ಪೆನಾಲ್ಟಿ ಸಿಕ್ಕಿದ್ದೂ ಅವನನ್ನು ಬೀಳಿಸಿದ್ದರಿಂದಲೇ. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಅವನೇ ಬಲಗಡೆಯ ಡಿಫೆಂಡರ್ ಆಗಿ ಮಿಲಾನ್‌ನ ಸೆರ್ಜಿನ್ಯೋ ಹಿಂದೆ ಓಡುತ್ತಿದ್ದ. ಕ್ಯಾಪ್ಟನ್ ಆಗಿದ್ದರೂ ಎಲ್ಲಿ ತೂತಿದೆಯೋ ಅಲ್ಲಿ ಹೋಗಿ ನಿಂತ. ಪೆನಾಲ್ಟಿಗಳಲ್ಲಿ ಮಿಲಾನ್‌ನ ಶೆವ್‌ಚೆಂಕೊ ಹೊಡೆದದ್ದನ್ನು ನಮ್ಮ ಗೋಲ್‌ಕೀಪರ್ ಡುಡೆಕ್ ತಡೆದು ಕಪ್ ಗೆಲ್ಲಿಸಿದಾಗ ರೂಮ್‌ಮೇಟ್ ನನ್ನನ್ನು ಎತ್ತಿಕೊಂಡು ಕುಣಿದ. ವಾರ್ಡನ್ ಬಂದು ಬೈದರು. ಬೆಳಗಿನ ಜಾವ ಆಗಿತ್ತು.

ಆಗ ಜೆರಾರ್ಡ್‌ಗೆ 25 ತುಂಬಲು ಐದು ದಿನ ಬಾಕಿ. 17 ವರ್ಷದಲ್ಲಿ ಲಿವರ್‌ಪೂಲ್‌ಗೆ 710 ಪಂದ್ಯ ಆಡಿದ, 186 ಗೋಲು ಹೊಡೆದ. 2003ರಿಂದ 2015ರವರೆಗೆ ಕ್ಯಾಪ್ಟನ್. ಅದೇ ಊರಿನ ಮಗ. 1989ರಲ್ಲಿ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಲ್ಲಿ ಸತ್ತ 97 ಜನರಲ್ಲಿ ಎಲ್ಲರಿಗಿಂತ ಚಿಕ್ಕವನು ಅವನ ಕಸಿನ್, ಹತ್ತು ವರ್ಷದ ಹುಡುಗ. ಆಗ ಜೆರಾರ್ಡ್‌ಗೆ ಎಂಟು. ಆ ಊರಿನವರು ಅವನನ್ನು ಬರೀ ಆಟಗಾರ ಅಂತ ಯಾಕೆ ನೋಡಲಿಲ್ಲ ಅನ್ನುವುದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ.

ಇನ್ನು ಆ ಜಾರಿದ ವರ್ಷ. ಲಿವರ್‌ಪೂಲ್ ಇಂಗ್ಲೆಂಡಿನ ಲೀಗ್ ಗೆದ್ದು ಆಗ 24 ವರ್ಷ ಆಗಿತ್ತು. 2014ರ ಏಪ್ರಿಲ್ 13. ಮ್ಯಾಂಚೆಸ್ಟರ್ ಸಿಟಿಯನ್ನು 3–2ರಿಂದ ಸೋಲಿಸಿದರು. ಹಿಲ್ಸ್‌ಬರೋ ನಡೆದು 25 ವರ್ಷ ತುಂಬಲು ಎರಡೇ ದಿನ ಇತ್ತು. ಜೆರಾರ್ಡ್ ಅತ್ತ. ಕಣ್ಣೊರೆಸಿಕೊಂಡು ಮೈದಾನದ ನಡುವೆ ಎಲ್ಲರನ್ನೂ ಹತ್ತಿರ ಎಳೆದುಕೊಂಡು ಹೇಳಿದ, ಇನ್ನು ಇದು ಜಾರಬಾರದು ಅಂತ. ಅವನೇ ಬಳಸಿದ ಮಾತು ಅದು. ಜಾರಬಾರದು.

ಸರಿಯಾಗಿ ಎರಡು ವಾರ. ಏಪ್ರಿಲ್ 27, ಭಾನುವಾರ. ನಮಗೆ ಸಂಜೆ ಆರೂವರೆ. ಸತತ 11 ಪಂದ್ಯ ಗೆದ್ದು ಬಂದಿದ್ದರು. ಎದುರಿಗೆ ಚೆಲ್ಸಿ. ಮೊದಲ ನಿಮಿಷದಿಂದಲೇ ಸಮಯ ಕೊಲ್ಲುತ್ತಿದ್ದರು. ಚೆಲ್ಸಿಯ ಮೌರಿನ್ಯೋ ದೊಡ್ಡ ಕೋಚ್ ಇರಬಹುದು, ಆ ಸಂಜೆ ಆಡಿಸಿದ ಆಟ ನನಗೆ ಇವತ್ತಿಗೂ ಇಷ್ಟವಿಲ್ಲ. ಇನ್ನೇನು ಅರ್ಧ ಆಟದ ಸೀಟಿ ಊದಬೇಕು. ಲಿವರ್‌ಪೂಲ್‌ನ ಸಾಖೊ ಒಂದು ಸುಲಭದ ಪಾಸ್ ಕೊಟ್ಟ. ಚೆಂಡು ಜೆರಾರ್ಡ್‌ನ ಕಾಲಡಿ ಹೋಯಿತು. ತಿರುಗಲು ಹೋದ. ಜಾರಿದ. ಎರಡೂ ಕೈ ನೆಲಕ್ಕೆ ಊರಿ ಎದ್ದು ಓಡಿದ. ಚೆಲ್ಸಿಯ ಡೆಂಬಾ ಬಾ ಅಷ್ಟರಲ್ಲಿ ಚೆಂಡು ತಗೊಂಡು ಮುಟ್ಟಲಾರದಷ್ಟು ದೂರ ಹೋಗಿದ್ದ. ಗೋಲು. ಎರಡನೇ ಅರ್ಧ ಪೂರ್ತಿ ಜೆರಾರ್ಡ್ ದೂರದಿಂದ ಹೊಡೆದ, ಮತ್ತೆ ಹೊಡೆದ, ಮತ್ತೆ ಹೊಡೆದ. ಒಂದೂ ಹೋಗಲಿಲ್ಲ. 0–2. ನಾವು ನಾಲ್ಕು ಜನ ನೋಡುತ್ತಿದ್ದೆವು. ಯಾರೂ ಟಿವಿ ಆರಿಸಲು ಏಳಲಿಲ್ಲ.

ಆ ವರ್ಷ ಲೀಗಿನಲ್ಲಿ ಅವನು 13 ಗೋಲು ಹೊಡೆದಿದ್ದ. ಇನ್ನೂ 13 ಗೋಲಿಗೆ ಪಾಸ್ ಕೊಟ್ಟಿದ್ದ, ಅದು ಆ ಸಲದ ಲೀಗಿನಲ್ಲೇ ಎಲ್ಲರಿಗಿಂತ ಜಾಸ್ತಿ. ಅವನಿಲ್ಲದಿದ್ದರೆ ಆ ತಂಡ ಜಾರುವಷ್ಟು ಎತ್ತರಕ್ಕೆ ಹತ್ತುತ್ತಲೇ ಇರಲಿಲ್ಲ. ಕೊನೆಗೆ ಸಿಟಿಗೆ 86 ಪಾಯಿಂಟ್, ಲಿವರ್‌ಪೂಲ್‌ಗೆ 84.

ಇದನ್ನೆಲ್ಲ ಹುಡುಗನಿಗೆ ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸುತ್ತಾ ಮಲಗಿದ್ದೆ. ಆಗ ನೆನಪಾದದ್ದು ಅಜ್ಜ.

ಅಮ್ಮನ ಅಪ್ಪ ಅಡುಗೆ ಭಟ್ಟರು. ಸಾಗರದ ಸುತ್ತಮುತ್ತ ಮದುವೆ, ಮುಂಜಿ, ತಿಥಿ ಅಂದರೆ ಅವರೇ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೌಟು ಹಿಡಿದರು. ಅವರ ಅಪ್ಪೆಹುಳಿ ಕುಡಿಯಲೆಂದೇ ಎರಡನೇ ಪಂಕ್ತಿಯವರು ಮೊದಲ ಪಂಕ್ತಿಗೆ ನುಗ್ಗುತ್ತಿದ್ದರು. ಸಹಾಯಕ್ಕೆ ಬಂದ ಹುಡುಗರಿಗೆ ಒಂದು ಮಾತು ಹೇಳುತ್ತಿದ್ದರು. "ಬೆಲ್ಲ ಬಿದ್ದ ಮೇಲೆ ಸೌಟು ನಿಲ್ಲಬಾರದು." ಕಡಲೆಬೇಳೆ ಪಾಯಸಕ್ಕೆ ಬೆಲ್ಲ ಹಾಕಿದ ಮೇಲೆ ಕೈ ಬಿಟ್ಟರೆ ತಳ ಹಿಡಿಯುತ್ತದೆ.

ಒಂದು ಮದುವೆಯಲ್ಲಿ ತಳ ಹಿಡಿಯಿತು. ದೊಡ್ಡ ಮನೆಯ ಮದುವೆ. ಕೊಪ್ಪರಿಗೆ ಪಾಯಸ ಪೂರ್ತಿ ಸೀದ ವಾಸನೆ. ಸೌಟು ಹಿಡಿದಿದ್ದವರು ಅಜ್ಜನೇ. ಅವರಿಗೆ ಎರಡು ದಿನದಿಂದ ಜ್ವರ ಇತ್ತು ಅಂತ ಅಜ್ಜಿ ಹೇಳುತ್ತಿದ್ದಳು. ಅಜ್ಜ ಯಾವತ್ತೂ ಹೇಳಲಿಲ್ಲ. ಅಲ್ಲಿಂದ ಮುಂದೆ ಕೆಲವರ ಬಾಯಲ್ಲಿ ಅವರು "ಪಾಯಸ ಸೀಸಿದ ಭಟ್ರು". ನಾನು ಚಿಕ್ಕವನಿದ್ದಾಗ ಸಾಗರದ ಸಂತೆಯಲ್ಲಿ ಒಬ್ಬರು ನನ್ನ ಎದುರಿಗೇ ಕೇಳಿದರು. "ಆ ಪಾಯಸ ಸೀಸಿದ ಭಟ್ರು ಅಲ್ದಾ?" ನನಗೆ ಅಳು ಬಂತು. ಅಜ್ಜ ತರಕಾರಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ ನಿಧಾನಕ್ಕೆ ಹೇಳಿದರು. "ಹೌದು, ನಾನೇ. ಆವತ್ತು ತಳ ಹಿಡಿದಿತ್ತು. ಹೇಗಿದ್ದೀರಿ?"

ದಾರಿಯಲ್ಲಿ ನಾನು ಕೇಳಿದೆ, ಯಾಕಜ್ಜ ಹೌದು ಅಂದೆ ಅಂತ. "ಹಿಡಿದಿದ್ದು ಹೌದಲ್ದನಾ" ಅಂದರು. ಮತ್ತೇನೂ ಹೇಳಲಿಲ್ಲ. ಆ ಮದುವೆಯಾದ ಮೂರನೇ ದಿನವೇ ತಾಳಗುಪ್ಪದ ಕಡೆ ಇನ್ನೊಂದು ಮನೆಯಲ್ಲಿ ಅದೇ ಪಾಯಸಕ್ಕೆ ನಿಂತಿದ್ದರಂತೆ. ಬೇರೆ ಯಾರ ಕೈಗೂ ಸೌಟು ಕೊಡಲಿಲ್ಲವಂತೆ.

ಸೋಮವಾರ, ಮಂಗಳವಾರ ಆಫೀಸಿನಲ್ಲಿ ಇದೇ ತಲೆಯಲ್ಲಿ. ನಾನು ಯಾರನ್ನೆಲ್ಲ ಹೀಗೆ ಗುರುತಿಟ್ಟುಕೊಂಡಿದ್ದೇನೆ? ನಮ್ಮ ಓಣಿಯಲ್ಲಿ ಒಬ್ಬರಿದ್ದಾರೆ, ಅಂಗಡಿ ಹಾಕಿ ಮುಳುಗಿದವರು. ಅದಕ್ಕೂ ಮೊದಲು ಇಪ್ಪತ್ತು ವರ್ಷ ಅವರು ಏನು ಮಾಡುತ್ತಿದ್ದರು ಅಂತ ನಾನು ಒಂದು ದಿನವೂ ಕೇಳಿಲ್ಲ. ಬುಧವಾರ ಬೆಳಿಗ್ಗೆ ಹಾಲು ತರುವಾಗ ಸಿಕ್ಕರು. ಕೇಳಿದೆ. ಲೇತ್ ಮಷಿನ್ ಮೇಲೆ ಕೆಲಸ ಮಾಡುತ್ತಿದ್ದರಂತೆ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಕಂಡುಹಿಡಿಯುತ್ತಿದ್ದೆ ಅಂತ ಬೆರಳು ಉಜ್ಜಿ ತೋರಿಸಿದರು. ಹಾಲಿನ ಪ್ಯಾಕೆಟ್ ಹಿಡಿದು ಅರ್ಧ ಗಂಟೆ ನಿಂತಿದ್ದೆವು.

ಆ ಸಂಜೆ ಅಕ್ಕನ ಮಗನಿಗೆ ಫೋನ್ ಮಾಡಿದೆ.

"ಹೌದು ಕಣೋ. ಜಾರಿ ಬಿದ್ದವನೇ" ಅಂದೆ.

"ಏನು ಮಾವ?"

"ಭಾನುವಾರ ಕೇಳಿದ್ಯಲ್ಲ. ನಾನು ಅಲ್ಲ ಅಂದೆ. ಅವನೇ ಅದು."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಆಮೇಲೆ ಆಟ ಬಿಟ್ಟುಬಿಟ್ನಾ?"

ಬಿಡಲಿಲ್ಲ ಅಂದೆ. ಅದಾದ ಎಂಟು ದಿನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ಜೊತೆ ಆಡಿದ. ಲಿವರ್‌ಪೂಲ್ 3–0 ಮುಂದಿತ್ತು. ಕೊನೆಯ ಹನ್ನೆರಡು ನಿಮಿಷದಲ್ಲಿ 3–3 ಆಗಿಹೋಯಿತು. ಲೀಗ್ ಕೈತಪ್ಪಿದ್ದು ಎಲ್ಲರಿಗೂ ಗೊತ್ತಾಯಿತು. ಅದೇ ತಂಡದ ಸುವಾರೆಜ್ ಜರ್ಸಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾ ಹೊರಟ. ಟಿವಿಯ ಕ್ಯಾಮೆರಾ ಅವನ ಮುಖದ ಹತ್ತಿರಕ್ಕೇ ಬಂತು. ಪಕ್ಕದಲ್ಲಿದ್ದ ಜೆರಾರ್ಡ್ ಅವನ ಹೆಗಲ ಮೇಲೆ ಕೈ ಹಾಕಿಕೊಂಡ. ಇನ್ನೊಂದು ಕೈಯಲ್ಲಿ ಆ ಕ್ಯಾಮೆರಾವನ್ನು ಆಚೆಗೆ ತಳ್ಳಿದ.

"ಅದು ನಂಗೆ ಒಂದ್ಸಲನೂ ಬಂದಿಲ್ವಲ್ಲ ಮಾವ" ಅಂದ ಹುಡುಗ.

"ಹುಡುಕಿ ಕಳಿಸ್ತೀನಿ" ಅಂದೆ.