ತವರಿನ ಬಾಣಂತನ ಮತ್ತು ಎಚ್‌ಐವಿ ಪರೀಕ್ಷೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎಚ್‌ಐವಿ ಇರುವ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಬಂದದ್ದು ಗಂಡನಿಂದಲೇ. ಗೋವಾ, ಪುಣೆ ಕಡೆ ದುಡಿಯಲು ಹೋದವನು ಜಾತ್ರೆಗೆ ಊರಿಗೆ ಬರುತ್ತಾನೆ. ಮೈಯಲ್ಲಿ ವೈರಸ್ ಇರುವುದು ಅವನಿಗೂ ಗೊತ್ತಿರುವುದಿಲ್ಲ.

ಬಸುರಿಗೆ ಮೊದಲ ತಪಾಸಣೆಯಲ್ಲೇ ರಕ್ತಪರೀಕ್ಷೆ ಆಗುತ್ತದೆ. ನೆಗೆಟಿವ್ ಬಂದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಎಡವಟ್ಟಾಗುವುದು ಇಲ್ಲೇ. ಸೋಂಕು ತಗಲಿದ ಮೊದಲ ವಾರಗಳಲ್ಲಿ, ಕೆಲವೊಮ್ಮೆ 3 ತಿಂಗಳವರೆಗೂ, ಪರೀಕ್ಷೆಯಲ್ಲಿ ಅದು ಕಾಣದೆ ಹೋಗಬಹುದು. ಆ ಮೊದಲ ವಾರಗಳಲ್ಲೇ ರಕ್ತದಲ್ಲಿ ವೈರಸ್ ವಿಪರೀತ, ಕೂಸಿಗೆ ದಾಟುವ ಅಪಾಯವೂ ಹೆಚ್ಚು. ಗಂಡ ವಲಸೆ ಹೋಗಿಬರುವವನಾದರೆ ಏಳು-ಎಂಟನೇ ತಿಂಗಳಲ್ಲಿ ಇನ್ನೊಮ್ಮೆ ಕೇಳಿ ಪರೀಕ್ಷೆ ಮಾಡಿಸಿ. ಅವನಿಗೂ ಮಾಡಿಸಿ.

ಇನ್ನೊಂದು ತೊಡಕು ತವರು. ಪಾಸಿಟಿವ್ ಬಂದ ಬಸುರಿಗೆ ಎಚ್‌ಐವಿ ಮಾತ್ರೆ ಶುರುವಾದದ್ದು ಗಂಡನ ಮನೆಯ ತಾಲ್ಲೂಕಿನಲ್ಲಿ, ಹೆರಿಗೆ ಬೇರೆ ಜಿಲ್ಲೆಯಲ್ಲಿ. ತಾಯಿ ಕಾರ್ಡ್ ಜೊತೆಗೆ ಬರುತ್ತದೆ. ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಚಿಕಿತ್ಸೆ) ಪುಸ್ತಕ ಮಾತ್ರ ಯಾರಿಗೂ ಕಾಣಬಾರದೆಂದು ಟ್ರಂಕಿನ ಸೀರೆಗಳ ಮಡಿಕೆಯಲ್ಲೇ ಉಳಿದುಬಿಡುತ್ತದೆ. ಹೊರಡುವ ಮುಂಚೆ ಎಆರ್‌ಟಿ ಕೇಂದ್ರದಲ್ಲಿ ಹೇಳಿ. ಮಾತ್ರೆ ಹೆಚ್ಚಿಗೆ ಕೇಳಿ, ಇಲ್ಲವೇ ತವರಿನ ಹತ್ತಿರದ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ಮಾತ್ರೆ ಒಂದು ದಿನವೂ ತಪ್ಪಬಾರದು.

ಕೂಸಿಗೆ ಹುಟ್ಟಿದ ಕೂಡಲೇ ಸೋಂಕು ತಡೆಯುವ ನೆವಿರಾಪಿನ್ ಸಿರಪ್, ತೂಕ ನೋಡಿ, ಕನಿಷ್ಠ 6 ವಾರ. ಅಪಾಯ ಹೆಚ್ಚಿದ್ದರೆ ಡಾಕ್ಟರು ಇನ್ನೊಂದು ಔಷಧಿ ಸೇರಿಸುತ್ತಾರೆ. ಎದೆಹಾಲು ಕೊಡುವುದಾದರೆ 6 ತಿಂಗಳು ಅದೊಂದೇ. ಅಜ್ಜಿಯಂದಿರು ಜೇನು, ಬಜೆ ನೆಕ್ಕಿಸದೆ ಬಿಡುವುದಿಲ್ಲ! ನಡುವೆ ಹಸುವಿನ ಹಾಲೂ ಸೇರಿದರೆ ಎಳೆ ಕರುಳಿನ ಒಳಪದರ ಕೆರಳಿ, ಎದೆಹಾಲಿನ ವೈರಸ್‌ಗೆ ದಾರಿಯಾಗುತ್ತದೆ. 6ನೇ ವಾರಕ್ಕೆ ಹಿಮ್ಮಡಿಯ ರಕ್ತದ ಹನಿಯಿಂದ ಪರೀಕ್ಷೆ. ಅದು ನೆಗೆಟಿವ್ ಬಂದರೂ 18 ತಿಂಗಳ ಪರೀಕ್ಷೆ ಬಿಡಬೇಡಿ. ಅನುಮಾನವಿದ್ದರೆ ಉಚಿತ ಸಹಾಯವಾಣಿ 1097.