ತಿಮ್ಮಿಯನ್ನು ಎಳೆದು ಹಾಡಿದರೆ ತೀಮಿ ಆಗ್ತಾಳೆ

ಹೋದ ವರ್ಷ ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ನಮ್ಮೂರಿನ ಹವ್ಯಾಸಿ ತಂಡ ಒಂದು ಹುಚ್ಚು ಕೆಲಸಕ್ಕೆ ಕೈ ಹಾಕಿತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಿಂದ ಗುತ್ತಿ, ಅವನ ಪ್ರೀತಿಯ ತಿಮ್ಮಿ, ಅವನ ನಾಯಿ ಹುಲಿಯ ಈ ಮೂವರ ಎಳೆಯನ್ನಷ್ಟೇ ಬಿಡಿಸಿಕೊಂಡು ಒಂದೂವರೆ ಗಂಟೆಯ ಹಾಡುನಾಟಕ ಮಾಡೋದು ಅಂತ. ಅದೂ ಸಣ್ಣದಾಗಿ ಅಲ್ಲ, ಅದ್ದೂರಿಯಾಗಿ. ಈ 'ಅದ್ದೂರಿ' ಅನ್ನೋ ಶಬ್ದದಿಂದಲೇ ನಮ್ಮಲ್ಲಿ ಎರಡು ಪಾರ್ಟಿ ಆಗಿದ್ದು. ನಾನು ಹಾರ್ಮೋನಿಯಂ ಬಾರಿಸುವವನು, ಹಾಡು ಕಟ್ಟಿದವನೂ ನಾನೇ, ಹಾಗಾಗಿ ಎರಡೂ ಪಾರ್ಟಿಯವರ ಹತ್ತಿರ ಬೈಸಿಕೊಂಡವನು.

ಮೊದಲು ಅನುಮತಿ ವಿಷಯ ಹೇಳಿ ಮುಗಿಸ್ತೇನೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ಹೋದ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. "ನಮ್ಮೂರಿನ ಕತೆ, ನಮಗೆ ಎಂತಕ್ಕೆ ಅನುಮತಿ?" ಅನ್ನುವ ಮಾತು ನಡೆಯೋದಿಲ್ಲ. ಕೇಳಿಕೊಂಡೇ ಮಾಡಬೇಕು. ಕೇಳಿಕೊಂಡೇ ಮಾಡಿದೆವು.

ಈ ಕಾದಂಬರಿ ರಂಗಕ್ಕೆ ಬಂದದ್ದು ಹೊಸತೇನಲ್ಲ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ಅದನ್ನು ಇಡೀ ರಾತ್ರಿಯ ನಾಟಕ ಮಾಡಿದ್ದರು. ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು, ಸಂಗೀತ ಹಂಸಲೇಖ ಅವರದು. ಸುಮಾರು ಒಂಬತ್ತು ಗಂಟೆ. ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲೂ ಆಯ್ತು, ನಾನು ನೋಡಿದ್ದು ಅಲ್ಲಿ. ಬಯಲಲ್ಲಿ ಬೇರೆ ಬೇರೆ ಕಡೆ ರಂಗ ಕಟ್ಟಿದ್ದರು. ಒಂದು ಭಾಗ ಮುಗಿದ ಕೂಡಲೇ ಜನರೆಲ್ಲ ಚಾಪೆ, ಶಾಲು, ಮಲಗಿದ ಮಕ್ಕಳನ್ನು ಎತ್ತಿಕೊಂಡು ಇನ್ನೊಂದು ರಂಗದ ಕಡೆಗೆ ನಡೆಯಬೇಕು. ನನಗಂತೂ ನಾಟಕದಷ್ಟೇ ಆ ನಡಿಗೆಯೂ ನೆನಪಿದೆ. ನಡುರಾತ್ರಿ, ಚಳಿ, ಕತ್ತಲಲ್ಲಿ ಯಾರದೋ ಕಾಲು ತುಳಿದು "ಸಾರಿ" ಅನ್ನುತ್ತಾ ಹೋಗೋದು. ಕಾದಂಬರಿ ಪೂರ್ತಿ ಜನ ನಡೆಯುತ್ತಲೇ ಇರುತ್ತಾರಲ್ವಾ? ಗುತ್ತಿ ಅಂತೂ ಮೊದಲ ಪುಟದಿಂದ ಕಾಡುದಾರಿಯಲ್ಲೇ ಇದ್ದಾನೆ. ನಾವೂ ಅವನ ಹಿಂದೆ ಹೊರಟ ಹಾಗಿತ್ತು.

ಊರಿಗೆ ಬಂದು ದೊಡ್ಡಪ್ಪನಿಗೆ ಇದನ್ನೆಲ್ಲ ಬಾಯ್ತುಂಬಾ ಹೇಳಿದರೆ ಅವರು ಎಲೆಗೆ ಸುಣ್ಣ ಸವರುತ್ತಾ, "ರಾತ್ರಿ ಬೆಳಗಾಗುವ ತನಕ ಹಾಡು, ಕುಣಿತ, ಮಾತು. ನಮ್ಮ ಮೇಳದವರು ಮಾಡ್ತಿದ್ದಿದ್ದೂ ಅದೇ ಅಲ್ವನ ಮಾರಾಯಾ" ಅಂದರು. ದೊಡ್ಡಪ್ಪ ಯಕ್ಷಗಾನದ ಮದ್ದಲೆಗಾರ. ಮಾತು ಜಾಸ್ತಿ ಇಲ್ಲ. ಆಡಿದರೆ ಹೀಗೆ, ಎದುರಿನವನ ಉತ್ಸಾಹಕ್ಕೆ ನೀರು ಸುರಿಯೋ ಹಾಗೆ.

ಆದರೆ ಅದೇ ಅಲ್ಲ. ಹಾಡು ಕಟ್ಟೋಕೆ ಕೂತಾಗಲೇ ನನಗೆ ವ್ಯತ್ಯಾಸ ಗೊತ್ತಾಗಿದ್ದು. ಯಕ್ಷಗಾನದಲ್ಲಿ ಪದ ಹೇಳೋದು ಭಾಗವತರು. ವೇಷಧಾರಿ ಅದಕ್ಕೆ ಕುಣಿಯುತ್ತಾನೆ, ಆಮೇಲೆ ತನ್ನ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಹಾಡು ಒಬ್ಬರದು, ಮೈ ಇನ್ನೊಬ್ಬರದು. ವಿದೇಶದ ಮ್ಯೂಸಿಕಲ್‌ಗಳಲ್ಲಿ ಪಾತ್ರವೇ ಬಾಯಿಬಿಟ್ಟು ಹಾಡುತ್ತದೆ, ಹಸಿವನ್ನೂ ಸಿಟ್ಟನ್ನೂ "ನಾನು, ನನಗೆ" ಅಂತಲೇ ಹಾಡುತ್ತದೆ. ಈಗ ನಮ್ಮ ಗುತ್ತಿಯದೇನು ಮಾಡೋದು? ಸಿಂಬಾವಿ ಹೆಗ್ಗಡೆಯವರ ಮನೆಯ ಜೀತದಾಳು ಅವನು. ಕಾದಂಬರಿಯೊಳಗೆ ಅವನ ಮನಸ್ಸನ್ನು ಕುವೆಂಪು ನಮಗೆ ತೆರೆದು ತೋರಿಸುತ್ತಾ ಹೋಗುತ್ತಾರೆ. ಆದರೆ ಎದುರಿಗೆ ಗೌಡರು ನಿಂತಾಗ ಅವನ ಬಾಯಿಂದ ಬರೋದು ಎರಡೇ ಮಾತು. ಅಂಥವನಿಗೆ ನಾಲ್ಕು ನಿಮಿಷದ ಹಾಡು ಕೊಟ್ಟು ಬೆಳಕಿನಲ್ಲಿ ನಿಲ್ಲಿಸಿದರೆ ಅವನು ಗುತ್ತಿಯಾಗಿ ಉಳೀತಾನಾ? ಅಥವಾ ಅವನ ಹಾಡನ್ನೂ ಕಿತ್ತುಕೊಂಡು ಬೇರೆಯವರ ಬಾಯಿಗೆ ಕೊಟ್ಟರೆ ಅದು ಎಷ್ಟು ಸರಿ? ಮೈಸೂರಿನ ಪ್ರಯೋಗದಲ್ಲಿ ಜೋಗಿಗಳು, ಹೆಳವರಂಥ ಕತೆ ಹೇಳುವ ಜನ ನಡುವೆ ಬಂದು ಕತೆ ಎತ್ತಿಕೊಳ್ಳುತ್ತಿದ್ದರು. ಅದು ಜಾಣತನದ ದಾರಿ. ನಾವು ಅರ್ಧ ಆ ದಾರಿ ಹಿಡಿದೆವು. ದಾರಿ, ಕಾಡು, ಊರಿನ ಸುದ್ದಿ ಎಲ್ಲ ಮೇಳದವರಿಗೆ, ಅಂದರೆ ಒಟ್ಟಾಗಿ ಹಾಡುವ ಗುಂಪಿಗೆ. ಗುತ್ತಿ ಹಾಡುವುದು ಮಾತ್ರ ಎದುರಿಗೆ ಮನುಷ್ಯರು ಯಾರೂ ಇಲ್ಲದಾಗ, ನಾಯಿಯ ಹತ್ತಿರ.

ಹಾಡು ಕಟ್ಟುವಾಗ ಇನ್ನೊಂದು ತಮಾಷೆ. ನಾನು ಮೊದಲು ರಾಗ ಮಾಡಿಕೊಂಡೆ, ಆಮೇಲೆ ಮಾತು ಕೂರಿಸಿದೆ. ಅದೇ ತಪ್ಪು. 'ಗುತ್ತಿ', 'ತಿಮ್ಮಿ' ಎರಡರಲ್ಲೂ ನಡುವೆ ಒತ್ತಕ್ಷರ. ಮೊದಲ ಅಕ್ಷರವನ್ನು ಎಳೆದರೆ ಒತ್ತು ಹಾರಿಹೋಗುತ್ತದೆ. ತಿಮ್ಮಿ ತೀಮಿ ಆಗ್ತಾಳೆ, ಗುತ್ತಿ ಗೂತಿ ಆಗ್ತಾನೆ. ತಾಲೀಮಿನಲ್ಲಿ ಹುಡುಗರು ಬಿದ್ದು ಬಿದ್ದು ನಕ್ಕರು. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ದಾರಿ ತೋರಿಸಿದ್ದು ನಮ್ಮತ್ತಿಗೆ. ತೋಟದ ಆಚೆ ದರೆಯ ಮೇಲೆ ನಿಂತು ಕೆಲಸಕ್ಕೆ ಬಂದವರನ್ನು ಊಟಕ್ಕೆ ಕರೀತಿದ್ದರು. ಯಾರ ಹೆಸರೇ ಇರಲಿ, ಮೊದಲಿನದೆಲ್ಲ ಗಿಡ್ಡ, ಕೊನೆಯ ಅಕ್ಷರ ಗುಡ್ಡದಿಂದ ಗುಡ್ಡಕ್ಕೆ. ಕೆಳಗಿನಿಂದ ವಾಪಸು "ಕೂ" ಅಂತ ಒಂದು ಕೂಗು. ನಾವು ಮಲೆನಾಡಿನವರು ಹೆಸರು ಕರೆಯೋದೇ ಹಾಗಲ್ವಾ! ತಿಮ್ಮೀ... ಓ ತಿಮ್ಮೀ... ರಾಗ ಅಲ್ಲೇ ಬಿದ್ದಿತ್ತು, ನಾನು ಸುಮ್ನೆ ಹಾರ್ಮೋನಿಯಂನಲ್ಲಿ ಹುಡುಕುತ್ತಿದ್ದೆ. ಮೂರು ಸ್ವರ ಸಾಕಾಯ್ತು.

ಈಗ ಅದ್ದೂರಿ ಜಗಳಕ್ಕೆ ಬರ್ತೇನೆ.

ತಂಡದ ಅರ್ಧ ಜನಕ್ಕೆ ಎಲ್‌ಇಡಿ ಪರದೆ ಬೇಕಿತ್ತು. ಹಿಂದೆ ಪರದೆಯಲ್ಲಿ ಕಾಡು, ಮಳೆ, ತುಂಬಿದ ತುಂಗೆ. ಬಾಡಿಗೆ ಕೇಳಿದರೆ ಒಂದು ರಾತ್ರಿಗೆ ನಲವತ್ತು ಸಾವಿರ ಅಂದರು. ನಮ್ಮ ಹತ್ತಿರ ಇದ್ದದ್ದೇ ಎಪ್ಪತ್ತು ಚಿಲ್ಲರೆ. ಇನ್ನರ್ಧ ಜನ "ಅದೆಲ್ಲ ಬ್ಯಾಡ, ನಾಲ್ಕು ಜನ, ಒಂದು ಕಂಬಳಿ, ಒಂದು ಬೆಂಚು, ಸರಳವಾಗಿ ಮಾಡೋಣ" ಅನ್ನುವವರು. ನೀನಾಸಂ ರಂಗಶಾಲೆಯ ಹೆಗ್ಗೋಡು ಹತ್ತಿರ ಇರೋದರಿಂದ ನಮ್ಮ ಕಡೆ ಸರಳತೆಗೆ ಮರ್ಯಾದೆ ಸ್ವಲ್ಪ ಜಾಸ್ತಿ. ನನಗೂ ಮೊದಲು ಅದೇ ಸರಿ ಅನ್ನಿಸಿತ್ತು.

ಆದರೆ ಕಾದಂಬರಿಯನ್ನು ಮತ್ತೆ ಓದಿದಾಗ ಅನುಮಾನ ಬಂತು. 1967ರಲ್ಲಿ ಬಂದ ಈ ಪುಸ್ತಕದಲ್ಲಿ ಸರಳ ಅನ್ನೋದು ಎಲ್ಲಿದೆ? ಹತ್ತಾರು ಮನೆ, ಕೇರಿ, ನೂರಾರು ಜನ, ಮದುವೆ, ಸಾವು, ಇಂಬಳ, ಜಾರುಬಂಡೆಯಂಥ ದಾರಿ, ನಿಲ್ಲದ ಮಳೆ. ಬಾಗಿಲಲ್ಲೇ ಕುವೆಂಪು, ಇಲ್ಲಿ ಮುಖ್ಯರು ಅಮುಖ್ಯರು ಅಂತ ಯಾರೂ ಇಲ್ಲ ಎಂದು ಹೇಳಿಬಿಟ್ಟಿದ್ದಾರೆ. ಅದನ್ನು ನಾಲ್ಕು ಜನ, ಒಂದು ಬೆಂಚಿಗೆ ಇಳಿಸಿದರೆ ಆ ನಾಲ್ಕು ಜನ ಮುಖ್ಯರಾಗಿಬಿಡುತ್ತಾರೆ. ಪರದೆಯ ಮೇಲೆ ಕಾಡು ತೋರಿಸಿದರೆ ಕಾಡು ಬರೀ ಹಿನ್ನೆಲೆ ಆಗಿಬಿಡುತ್ತದೆ. ನನಗೆ ಬೇಕಿದ್ದದ್ದು ಜನ. ದುಡ್ಡೆಲ್ಲ ಜನರ ಮೇಲೆ ಸುರಿಯೋಣ ಅಂದೆ. ಇಪ್ಪತ್ತಾರು ಜನರ ಮೇಳ, ಅವರಿಗೆ ಊಟ, ಜೀಪು, ಕಂಬಳಿ, ಬಟ್ಟೆ. ಕಾಡೂ ಅವರೇ, ಮಳೆಯೂ ಅವರೇ, ಹೊಳೆಯೂ ಅವರೇ.

"ಅದು ಅದ್ದೂರಿ ಹೇಗಾಗುತ್ತೆ?" ಅಂತ ಪರದೆ ಪಾರ್ಟಿಯವರು ಮುಖ ಊದಿಸಿಕೊಂಡರು. ಹಿಂದೆ ಗುಬ್ಬಿ ಕಂಪನಿಯವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರಂತಲ್ಲ, ಆನೆಯ ಚಿತ್ರ ತೋರಿಸಿದ್ದರೆ ಜನ ಬರ್ತಿದ್ದರಾ ಅಂತ ಕೇಳಿದೆ. ವಾದದಲ್ಲಿ ಗೆದ್ದೆ. ಆನೆಗೆ ಎಷ್ಟು ಹುಲ್ಲು ಬೇಕು ಅಂತ ಯಾರೂ ಕೇಳಲಿಲ್ಲ, ಪುಣ್ಯ.

ಮೇಳದ ತಾಲೀಮು ನಡೆದದ್ದು ಅಡಿಕೆ ಸುಲಿಯುವಲ್ಲಿ. ಬೇರೆ ದಾರಿಯೇ ಇರಲಿಲ್ಲ, ಹಾಡುವವರೆಲ್ಲ ರಾತ್ರಿ ಮೆಟ್ಟುಗತ್ತಿ ಮುಂದೆಯೇ ಕೂತಿರುತ್ತಿದ್ದರು. ನಾನು ಹಾರ್ಮೋನಿಯಂ ಹೊತ್ತುಕೊಂಡು ಅಲ್ಲಿಗೇ ಹೋದೆ. ಒಲೆ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಚೊಗರಿನ ವಾಸನೆ, ಇಪ್ಪತ್ತಾರು ಜನರ ಕೈ ಒಂದೇ ಲಯದಲ್ಲಿ. ಮಳೆಯ ಹಾಡಿಗೆ ನಾನು ಬರೆದಿದ್ದ ತಾಳ ಬಿಟ್ಟು, ಸಿಪ್ಪೆ ಬಿಡಿಸುವ ಆ ಲಯವನ್ನೇ ಇಟ್ಟುಕೊಂಡೆವು. ಬಿ.ವಿ. ಕಾರಂತರು ರಂಗಸಂಗೀತ ಅಂದರೆ ಬರೀ ಹಾಡಲ್ಲ, ಸದ್ದೂ ಸಂಗೀತವೇ ಅಂತ ತೋರಿಸಿಕೊಟ್ಟು ಎಷ್ಟೋ ವರ್ಷ ಆಗಿದೆ. ನನಗೆ ಅದು ತಲೆಗೆ ಹೋದದ್ದು ಆ ರಾತ್ರಿ.

ಇನ್ನು ಹುಲಿಯ. ಗುತ್ತಿಯ ನಾಯಿ. ಊರವರು ಅವನನ್ನು ನಾಯಿಗುತ್ತಿ ಅಂತಲೇ ಕರೆಯೋದು, ಅಷ್ಟು ಜೊತೆ. ನಾಯಿಯನ್ನು ರಂಗದ ಮೇಲೆ ಹೇಗೆ ತರೋದು? ಒಬ್ಬ ಹುಡುಗನಿಗೆ ವೇಷ ಹಾಕಿಸಿದೆವು. ಅವನು ಬಾಲ ಅಲ್ಲಾಡಿಸಿದ ತಕ್ಷಣ ಎಲ್ಲರೂ ನಕ್ಕರು. ನಮ್ಮನೆ ನಾಯಿಯನ್ನೇ ಕರೆದುಕೊಂಡು ಬಂದೆವು. ಅದು ಚಂಡೆ ಸದ್ದಿಗೆ ಹೆದರಿ ಕೊಟ್ಟಿಗೆ ಸೇರಿತು. ಆಗ ದೊಡ್ಡಪ್ಪ ಮೂಲೆಯಲ್ಲಿ ಕೂತವರು ಮಾತಿಲ್ಲದೆ ಮದ್ದಲೆ ಮೇಲೆ ಬೆರಳಾಡಿಸಿದರು. ಪುಟಪುಟನೆ ಓಡೋ ಸದ್ದು. ನಿಲ್ಲುತ್ತದೆ, ಮೂಸುತ್ತದೆ, ಮತ್ತೆ ಓಡುತ್ತದೆ. ಗುತ್ತಿ ಪಾತ್ರದ ಹುಡುಗ ತನ್ನಷ್ಟಕ್ಕೆ ಕೆಳಗೆ ನೋಡಿ, ಅಲ್ಲಿ ಇಲ್ಲದ ನಾಯಿಯ ತಲೆ ಸವರಿದ. ಮುಗೀತು, ನಾಯಿ ಬಂತು.

ಕೊನೆಯಲ್ಲಿ ನೆರೆ ಬಂದ ತುಂಗೆ, ದೋಣಿ, ಹುಲಿಯ ನೀರುಪಾಲಾಗುವುದು. ಅದಕ್ಕೆ ನಾನೊಂದು ದೊಡ್ಡ ಹಾಡು ಬರೆದಿದ್ದೆ. ನಾಲ್ಕು ಚರಣ, ಚೆನ್ನಾಗಿಯೇ ಇತ್ತು ಅಂತ ಈಗಲೂ ಹೇಳ್ತೇನೆ. ದೊಡ್ಡಪ್ಪ ಬ್ಯಾಡ ಅಂದರು. ಮೇಳದವರ ಹೊಳೆ ಜೋರಾಗುತ್ತಾ ಹೋಗಲಿ, ನಡುವೆ ಮದ್ದಲೆ ಓಡುತ್ತಿರಲಿ, ಒಂದು ಕಡೆ ಮದ್ದಲೆ ನಿಲ್ಲಲಿ, ಹೊಳೆ ನಿಲ್ಲೋದು ಬ್ಯಾಡ. ಅಷ್ಟೇ. ನನ್ನ ಹಾಡು ಹೋಯ್ತು.

ಆಟ ನಡೆದದ್ದು ಶಾಲೆ ಮೈದಾನದಲ್ಲಿ, ಬೇಸಿಗೆಯ ಶುರುವಿನಲ್ಲಿ. ಮೈಕಿನವರ ಕತೆ ಕೇಳಬೇಡಿ. ವೈರ್‌ಲೆಸ್ ಮೈಕ್ ಎಂಟು ಅಂತ ಒಪ್ಪಿದವರು ಐದು ತಂದರು, ಅದರಲ್ಲಿ ಒಂದು ಕೊನೆವರೆಗೂ ಕಪ್ಪೆ ಥರ ವಟಗುಟ್ಟುತ್ತಿತ್ತು. ಮಳೆ ದೃಶ್ಯದಲ್ಲಿ ಮಾತ್ರ ಅದು ಹೊಂದಿಕೊಂಡಿತು. ಇಪ್ಪತ್ತಾರು ಗಂಟಲು ಇದ್ದದ್ದಕ್ಕೆ ಬಚಾವ್. ಜನ ಗಟ್ಟಿಯಾಗಿ ಕೂತು ನೋಡಿದರು. ಕೊನೆಗೆ ಮದ್ದಲೆ ನಿಂತಾಗ ಹಿರಿಯರು ಕೂತಿದ್ದ ಕಡೆಯಿಂದ ಒಂದು "ಅಯ್ಯೋ" ಕೇಳಿಸಿತು. ನನಗೆ ಮೈ ಜುಮ್ಮೆಂದಿತು. ನನ್ನ ನಾಲ್ಕು ಚರಣವನ್ನು ಅಲ್ಲೇ ಕ್ಷಮಿಸಿಬಿಟ್ಟೆ.

ಆಮೇಲೆ ಊಟದ ಸಾಲಿನಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು ಕೇಳಿದಳು, "ಅಂಕಲ್, ಕೊನೆಗೆ ಆ ನಾಯಿ ಎಲ್ಲಿ ಹೋಯ್ತು? ಅವ್ರು ದೋಣಿ ಹತ್ತಿದ್ರಲ್ಲ, ಅದು ಈ ಕಡೆ ದಡದಲ್ಲೇ ಉಳೀತಾ?" ಅವಳ ಹಿಂದೆ ಇದ್ದ ಮೂರ್ನಾಲ್ಕು ಮಕ್ಕಳೂ ಹೌದು ಹೌದು ಅಂದವು. ಒಬ್ಬ, ನಾಯಿ ಮನೆಗೆ ಹೋಗಿದೆ ಅಂತ ವಾದ ಮಾಡುತ್ತಿದ್ದ.

ಅಲ್ಲಿಗೆ ನನಗೆ 'ಲೆ ಮಿಸರಾಬ್ಲ್' ನೆನಪಾಯ್ತು. ವಿಕ್ಟರ್ ಹ್ಯೂಗೋ 1862ರಲ್ಲಿ ಬರೆದ ಆ ದಪ್ಪ ಕಾದಂಬರಿಯನ್ನು ಶೋನ್‌ಬರ್ಗ್, ಬೂಬ್ಲಿಲ್ ಅನ್ನುವ ಇಬ್ಬರು 1980ರಲ್ಲಿ ಪ್ಯಾರಿಸ್‌ನಲ್ಲಿ ಹಾಡುನಾಟಕ ಮಾಡಿದರು. ಫ್ರೆಂಚರಿಗೆ ಕತೆ ಗೊತ್ತಿದ್ದದ್ದೇ, ಹಾಗಾಗಿ ಮೊದಲಿನ ಭಾಗವನ್ನು ಹಾರಿಸಿ ನಡುವಿನಿಂದ ಶುರು ಮಾಡಿದ್ದರು. 1985ರಲ್ಲಿ ಅದನ್ನು ಲಂಡನ್‌ಗೆ ತರುವಾಗ, ಇಲ್ಲಿಯವರಿಗೆ ಅಷ್ಟೆಲ್ಲ ಗೊತ್ತಿರೋದಿಲ್ಲ ಅಂತ ನಾಯಕ ಜೈಲಿನಿಂದ ಬಿಟ್ಟು ಬರುವ ಭಾಗವನ್ನು ಹೊಸದಾಗಿ ಸೇರಿಸಿದರು. ವಿಮರ್ಶಕರು ಚೆನ್ನಾಗಿ ಬೈದರು, ಜನ ಟಿಕೆಟ್ಟಿಗೆ ಮುಗಿಬಿದ್ದರು, ಅದು ಬೇರೆ ಮಾತು. ನನ್ನ ತಲೆ ಕೊರೆದದ್ದು ಇಷ್ಟೇ. ನಾವು ನಮ್ಮೂರಲ್ಲಿ ಪ್ಯಾರಿಸ್‌ನವರ ಹಾಗೆ ನಾಟಕ ಮಾಡಿದ್ದೆವು. ಎದುರಿಗೆ ಅರ್ಧ ಜನ ಲಂಡನ್‌ನವರು ಕೂತಿದ್ದರು. ಕುಪ್ಪಳಿಗೆ ಶಾಲೆಯಿಂದ ಪ್ರವಾಸ ಹೋಗಿ ಕವಿಮನೆ ಮುಂದೆ ಫೋಟೋ ತೆಗೆಸಿಕೊಂಡು ಬಂದ ಮಕ್ಕಳೇ ಇವರು. ಹುಲಿಯ ಯಾರು ಅಂತ ಅವರಿಗೆ ಯಾಕೆ ಗೊತ್ತಿರಬೇಕು?

ಮಳೆಗಾಲ ಮುಗಿದ ಮೇಲೆ ಇನ್ನೊಂದು ಆಟ ಇದೆ, ಶಿವಮೊಗ್ಗದಲ್ಲಿ. ಕೊನೆಗೆ ಮೇಳದವರ ಬಾಯಲ್ಲಿ ಎರಡೇ ಎರಡು ಸಾಲು ಸೇರಿಸೋಣ, ನಾಯಿ ನೀರಿಗೆ ಹೋಯ್ತು ಅಂತ ಮಕ್ಕಳಿಗೆ ತಿಳಿಯೋ ಹಾಗೆ ಅಂತ ನಾನು ಹೇಳ್ತಿದ್ದೇನೆ. ಸಾಲು ಬರೆದೂ ಆಗಿದೆ. ದೊಡ್ಡಪ್ಪ ಒಪ್ಪುತ್ತಿಲ್ಲ. "ಆ ಹುಡುಗಿ ಕೇಳಿದ್ಲಲ್ಲ, ನೀನು ಹೇಳಿದ್ಯಲ್ಲ, ಈಗ ಗೊತ್ತಾಯ್ತಲ್ಲ. ಮತ್ತೆ ಎಂತ?" ಅನ್ನುತ್ತಾರೆ. ನಾನು ಅವಳಿಗೆ ಹೇಳಲಿಲ್ಲ ಅನ್ನೋದು ಅವರಿಗೆ ಗೊತ್ತಿಲ್ಲ. ಪಾಯಸ ಬರ್ತಿದೆ ನೋಡು ಅಂತ ಮಾತು ತಪ್ಪಿಸಿದ್ದೆ.