ಒಂದೇ ವಾಹಿನಿ, ಎರಡು ಪ್ರಸಾರ

ಭಾರತ ತಂಡದ ಏಕದಿನ ಪಂದ್ಯವಿರುವ ಸಂಜೆ, ಪುಣೆಯ ನಮ್ಮ ಸೊಸೈಟಿಯ ವಾಚ್‌ಮನ್ ಕೋಣೆಯಲ್ಲಿ, ದೂರದರ್ಶನದ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಆಟ ನೇರವಾಗಿ ಬರುತ್ತಿರುತ್ತದೆ. ತಿಂಗಳು ತಿಂಗಳು ಕೇಬಲ್‌ಗೆ ಹಣ ಕಟ್ಟುವ ನಮ್ಮ ಮನೆಯಲ್ಲಿ ಅದೇ ದೂರದರ್ಶನದ ವಾಹಿನಿ ಬೇರೇನನ್ನೋ ತೋರಿಸುತ್ತಿರುತ್ತದೆ. ಇದು ಕೇಬಲ್‌ನವನ ಕಿತಾಪತಿಯಲ್ಲ. ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಪ್ರಸಾರವನ್ನು ಖಾಸಗಿ ವಾಹಿನಿಗಳು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕೆಂದು 2007ರ ಕಾಯ್ದೆ ಹೇಳುತ್ತದೆ. ಅದರ ಜಾಹೀರಾತು ಆದಾಯದಲ್ಲಿ ಕನಿಷ್ಠ ಶೇ. 75 ಪಾಲು ಹಕ್ಕುದಾರರಿಗೆ, ಉಳಿದದ್ದು ಪ್ರಸಾರ ಭಾರತಿಗೆ. ಆದರೆ ಹೀಗೆ ಪಡೆದ ಪ್ರಸಾರವು ದೂರದರ್ಶನದ ಸ್ವಂತ ಭೂಪ್ರಸಾರ (ಆಂಟೆನಾದಿಂದ ಸಿಗುವುದು) ಮತ್ತು ಫ್ರೀ ಡಿಶ್‌ಗಳಿಗೆ ಮಾತ್ರ ಸೀಮಿತವೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿತು. ಕೋಟಿಗಟ್ಟಲೆ ಸುರಿದು ಹಕ್ಕು ಕೊಂಡವರ ವಾದದಲ್ಲಿ ನ್ಯಾಯವಿದೆ ಎಂಬುದನ್ನು ನಾನು ಒಪ್ಪುತ್ತೇನೆ.

ನನ್ನ ತಕರಾರು ಸ್ಥಳೀಯ ಆಟಗಳದ್ದು. ಐಪಿಎಲ್ ಆಗಲಿ, ಪ್ರೊ ಕಬಡ್ಡಿ ಲೀಗ್ ಆಗಲಿ ಈ ಕಡ್ಡಾಯಕ್ಕೆ ಒಳಪಡುವುದಿಲ್ಲ. ಪುಣೇರಿ ಪಲ್ಟನ್ ಮತ್ತು ಬೆಂಗಳೂರು ಬುಲ್ಸ್ ಎದುರಾದಾಗ ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಅಪ್ಪ ಒಂದು ಕಡೆ, ಇಲ್ಲೇ ಹುಟ್ಟಿದ ಮಕ್ಕಳು ಇನ್ನೊಂದು ಕಡೆ (ನಮ್ಮಲ್ಲಂತೂ ಅಮ್ಮನೇ ಪಲ್ಟನ್ ಪಕ್ಷ). ಅದನ್ನು ಕನ್ನಡ ವೀಕ್ಷಕ ವಿವರಣೆಯೊಂದಿಗೆ ನೋಡಬೇಕೆಂದರೆ ಹಿಂದಿ-ಮರಾಠಿ ಪ್ಯಾಕೇಜಿನ ಮೇಲೆ ಕನ್ನಡದ ಕ್ರೀಡಾ ವಾಹಿನಿಯನ್ನು ಬಿಡಿಯಾಗಿ ಸೇರಿಸಿಕೊಳ್ಳಬೇಕು. 2019ರಿಂದ ಜಾರಿಯಾದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಿಂದ ಆ ಆಯ್ಕೆಯಾದರೂ ನಮಗೆ ದಕ್ಕಿದೆ; ವಾಚ್‌ಮನ್ ಕೋಣೆಗೆ ಅದೂ ಇಲ್ಲ.